ಫ್ಯಾಷನ್ ಫೋಟೊ ಕೂಡ ಕಲೆಯೇ

ಮಾನ್ಯ ಸಂಪಾದಕರೇ,

ಫ್ಯಾಷನ್ ಫೋಟೊ ಅಂದರೆ ಸುಮ್ನೆ ಬಟ್ಟೆ ಮಾರುವ ಜಾಹೀರಾತು ಎನ್ನುವವರೇ ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ. ಛಾಯಾಗ್ರಾಹಕ ರಿಚರ್ಡ್ ಅವೆಡನ್ 1955ರಲ್ಲಿ ಪ್ಯಾರಿಸ್‌ನ ಸರ್ಕಸ್ಸಿನಲ್ಲಿ ತೆಗೆದ ಆ ಕಪ್ಪು ಬಿಳುಪು ಚಿತ್ರವನ್ನೇ ನೋಡಿ. ಆನೆಗಳ ನಡುವೆ ರೂಪದರ್ಶಿ ಡೊವಿಮಾ ನಿಂತಿದ್ದಾರೆ. ಮೈಮೇಲೆ ಡಿಯೊರ್ ಸಂಸ್ಥೆಯ ಕಪ್ಪು ಗೌನು, ಸೊಂಟದಿಂದ ಇಳಿಬಿದ್ದ ಉದ್ದನೆಯ ಬಿಳಿ ಪಟ್ಟಿ. ಆನೆಯ ಸುಕ್ಕುಗಟ್ಟಿದ ಒರಟು ಚರ್ಮದ ಪಕ್ಕ ಆ ಬಟ್ಟೆ ಎಷ್ಟು ನುಣುಪಾಗಿ ಕಾಣುತ್ತದೆ! ಆನೆಗಳ ಕಾಲಿನ ಸರಪಳಿಯನ್ನೂ ಅವೆಡನ್ ಮರೆಮಾಡಿಲ್ಲ. ಅದನ್ನು ಕಂಡಾಗಲೆಲ್ಲ ಕರುಳು ಚುರುಕ್ ಅನ್ನುತ್ತದೆ. ಬರೀ ಜಾಹೀರಾತಾಗಿದ್ದರೆ ಇಷ್ಟು ಕಾಡುತ್ತಿತ್ತೇ?

ನಿಮ್ಮ ಪುರವಣಿಯ ಫ್ಯಾಷನ್ ಪುಟದಲ್ಲಿ ವಸ್ತ್ರವಿನ್ಯಾಸಕರ ಜೊತೆಗೆ ಫೋಟೊ ತೆಗೆದವರ ಹೆಸರನ್ನೂ ದಯವಿಟ್ಟು ಹಾಕಿ.

– ಒಬ್ಬ ಓದುಗ, ಧಾರವಾಡ