ಹೊಟ್ಟೆ ಮೇಲಿನ ಪೆನ್ನಿನ ಗುರುತು

ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡುತ್ತಿದ್ದ ಇಂಜೆಕ್ಷನ್ ನಿನ್ನೆಗೆ ಮುಗಿಯಿತು. ಹೊಟ್ಟೆ ಇಳಿದಿದೆ. ಮಲಗಿದರೆ ನಿದ್ದೆ ಬರುತ್ತಿದೆ. ಮಗುವಿಗಾಗಿ ಐವಿಎಫ್ (ಅಂಡಾಣು ಹೊರತೆಗೆದು, ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕ್ಕೆ ಬಿಡುವ ಚಿಕಿತ್ಸೆ) ಶುರು ಮಾಡಿದ್ದೆ, ಅದಕ್ಕೆ ಕೊಟ್ಟ ಇಂಜೆಕ್ಷನ್‌ಗಳಿಂದ ಅಂಡಾಶಯ ಅತಿಯಾಗಿ ಊದಿಕೊಂಡು ಆಸ್ಪತ್ರೆ ಸೇರಿದ್ದೆ.

ಆಸ್ಪತ್ರೆ ಸೇರಿದ ರಾತ್ರಿ ಊರಲ್ಲಿರದಿದ್ದರೂ ಬೆಳಗಾಗುವಷ್ಟರಲ್ಲಿ ಓಡಿ ಬಂದ ನನ್ನವರಿಗೆ, ಅಮ್ಮನಿಗೆ, ವಾರ್ಡಿನ ಸಿಸ್ಟರ್‌ಗಳಿಗೆ, ನನ್ನ ಕೆಲಸವನ್ನೂ ಮಾಡಿಕೊಟ್ಟ ಆಫೀಸಿನ ಗೆಳತಿಯರಿಗೆ ತುಂಬಾ ಥ್ಯಾಂಕ್ಸ್.

ಉಳಿದದ್ದೆಲ್ಲ ನನ್ನ ಅತ್ತಿಗೆಗೆ.

ಅಂಡಾಣು ತೆಗೆದ ನಾಲ್ಕನೇ ದಿನ ಹೊಟ್ಟೆ ಬಿಗಿದುಕೊಂಡಿತು. ನಾನು ಗ್ಯಾಸ್ ಅಂದುಕೊಂಡು ಸುಮ್ನಿದ್ದೆ. ಅತ್ತಿಗೆ ಸುಮ್ನಿರಲಿಲ್ಲ. ಹೊಲಿಗೆ ಟೇಪು ತಂದು ಹೊಕ್ಕುಳ ಮಟ್ಟಕ್ಕೆ ಸುತ್ತಿ ಅಳತೆ ತೆಗೆದರು, ಪ್ರತಿ ಸಲ ಟೇಪು ಅದೇ ಜಾಗಕ್ಕೆ ಬರಲಿ ಅಂತ ಎರಡೂ ಪಕ್ಕಕ್ಕೆ ಪೆನ್ನಿನಿಂದ ಗುರುತು ಹಾಕಿದರು. ಕುಡಿದ ನೀರೆಷ್ಟು, ಹೋದ ಮೂತ್ರವೆಷ್ಟು, ಎಲ್ಲ ಒಂದು ನೋಟ್‌ಬುಕ್ಕಲ್ಲಿ. ಒಂದೇ ದಿನದಲ್ಲಿ ತೂಕ 2 ಕಿಲೋ ಏರಿತ್ತು. ರಾತ್ರಿ ಮೂತ್ರವೇ ನಿಂತ ಹಾಗಾಯಿತು. ಬೆಳಗ್ಗೆ ನೋಡೋಣ ಅಂದೆ. "ಬೆಳಗ್ಗೆ ತನಕ ಕಾಯೋದು ಬೇಡ, ಏಳು, ಚಪ್ಪಲಿ ಹಾಕ್ಕೋ" ಅಂದರು.

ರಕ್ತನಾಳದಿಂದ ನೀರು ಸೋರಿ ಹೊಟ್ಟೆಗೆ ತುಂಬುತ್ತಿದೆ, ರಕ್ತ ಮಂದವಾಗುತ್ತಿದೆ ಅಂದರು ಡಾಕ್ಟರ್. ಎಷ್ಟು ಕುಡಿದರೂ ಬಾಯಿ ಒಣಗುತ್ತಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಇಡೀ ರಾತ್ರಿ ಅತ್ತಿಗೆಯ ಭುಜಕ್ಕೆ ಒರಗಿ ಕೂತೇ ಇದ್ದೆ. ಅವರು ಒಂದು ಸಲವೂ ಭುಜ ಬದಲಾಯಿಸಲಿಲ್ಲ.

ಈ ಸಲ ಭ್ರೂಣ ಒಳಗೆ ಬಿಡುವುದಿಲ್ಲ, ಎಲ್ಲ ಫ್ರೀಜ್ ಮಾಡುತ್ತೇವೆ ಅಂತ ಡಾಕ್ಟರ್ ಅಂದಾಗ ನಾನು ಕೂಗಾಡಿದೆ. ಗರ್ಭ ನಿಂತರೆ ಅದರ ಹಾರ್ಮೋನಿಂದಲೇ ತೊಂದರೆ ಇನ್ನೂ ಜಾಸ್ತಿಯಾಗುತ್ತದೆ ಅಂತ ಬಿಡಿಸಿ ಹೇಳಿದರೂ ಕಿವಿಗೆ ಹೋಗಲಿಲ್ಲ. ಇಷ್ಟು ಸೂಜಿ ಚುಚ್ಚಿಸಿಕೊಂಡಿದ್ದು ಯಾತಕ್ಕೆ? ನನ್ನ ಮೈ ಮೇಲೆ ನನಗೇ ಸಿಟ್ಟು. ಈಗಲೂ ಒಮ್ಮೊಮ್ಮೆ ಬರುತ್ತದೆ. ಅತ್ತಿಗೆ ಎಲ್ಲ ಸರಿಹೋಗುತ್ತೆ ಅನ್ನಲಿಲ್ಲ. ನಾನು ಅತ್ತು ಮುಗಿಸುವವರೆಗೂ ಕಾದು, ನೋಟ್‌ಬುಕ್ ತೆರೆದು, "ಈ ಗಂಟೆ ಮೂತ್ರ 40 ಎಂಎಲ್. ಏರ್ತಾ ಇದೆ ನೋಡು" ಅಂದರು. ನನಗೆ ಆಗ ಬೇಕಿದ್ದದ್ದು ಅದೊಂದೇ ಮಾತು.

ಚಿಕಿತ್ಸೆಯಲ್ಲಿರುವ ಗೆಳತಿಯರೇ, ಅದರಲ್ಲೂ ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಮುಟ್ಟು, ಅಂಡಾಶಯದ ಕೆಲಸ ಹದ ತಪ್ಪುವ ತೊಂದರೆ) ಇರುವವರು, ತೂಕ ದಿಢೀರ್ ಏರಿದರೆ, ಮೂತ್ರ ಕಡಿಮೆಯಾದರೆ, ಉಸಿರು ಸಾಲದಿದ್ದರೆ ನನ್ನ ಹಾಗೆ ಗ್ಯಾಸ್ ಅಂದುಕೊಂಡು ಕೂರಬೇಡಿ, ಆಗಲೇ ಡಾಕ್ಟರಿಗೆ ಫೋನ್ ಮಾಡಿ.

ಅತ್ತಿಗೆ, ಪೆನ್ನಿನ ಗುರುತು ಅಳಿಸಿ ಹೋಯಿತು. ನೋಟ್‌ಬುಕ್ ನನ್ನ ಹತ್ತಿರವೇ ಇದೆ. ಅದನ್ನು ವಾಪಸ್ ಕೇಳಬೇಡಿ.