ನೀರಿಗಿಳಿಯುವ ಮುನ್ನ

ಪ್ರಿಯ ಗೆಳೆಯ,

ಹಸುಗೂಸಾಗಿದ್ದಾಗಲೇ ತಲೆಯ ಮೇಲೆ ನೀರು ಬಿದ್ದಿರುವಾಗ ಈಗ ಮತ್ತೆ ದೀಕ್ಷಾಸ್ನಾನವೇಕೆ, ಕ್ರಿಸ್ತನನ್ನು ನಂಬಿದ್ದರ ಗುರುತಾಗಿ ನೀರಿನಲ್ಲಿ ಮುಳುಗುವುದೇಕೆ ಎಂದು ಕೇಳಿದ್ದೀಯ. ಅದರ ಬೆನ್ನಿಗೇ, ನಾನಿನ್ನೂ ಅದಕ್ಕೆ ಯೋಗ್ಯನಾಗಿಲ್ಲ ಎಂದೂ ಬರೆದಿದ್ದೀಯ. ಈ ಎರಡನೆಯ ಮಾತೇ ನನ್ನನ್ನು ಹೆಚ್ಚು ಕಾಡಿತು.

ಮೊದಲನೆಯದಕ್ಕೆ ನನ್ನ ಉತ್ತರ ಚಿಕ್ಕದು. ದೇವರ ವಾಕ್ಯವನ್ನು ಕೇಳುವುದು, ನಂಬುವುದು, ಆಮೇಲೆ ನೀರಿಗಿಳಿಯುವುದು ಎಂಬ ಕ್ರಮವೇ ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಫಿಲಿಪ್ಪಿ ಪಟ್ಟಣದ ಸೆರೆಮನೆಯ ಯಜಮಾನನ ಮನೆಯವರೆಲ್ಲರಿಗೂ ದೀಕ್ಷಾಸ್ನಾನವಾಯಿತಲ್ಲವೇ, ಅವರಲ್ಲಿ ಮಕ್ಕಳೂ ಇದ್ದಿರಬಹುದಲ್ಲವೇ ಎಂದು ಕೇಳುವವರ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಮನೆಯವರೆಲ್ಲರಿಗೂ ಮೊದಲು ವಾಕ್ಯವನ್ನು ಸಾರಿದರೆಂದು ಅದೇ 16ನೆಯ ಅಧ್ಯಾಯ ಹೇಳುತ್ತದೆ. ನಿನ್ನ ತಂದೆತಾಯಿ ಅಂದು ಮಾಡಿದ್ದು ಅವರ ನಂಬಿಕೆಯಿಂದ, ಅದನ್ನು ಹಳಿಯಬೇಕಾಗಿಲ್ಲ. ನಿನ್ನ ಒಪ್ಪಿಗೆಯನ್ನು ಮಾತ್ರ ನಿನ್ನ ಬದಲು ಇನ್ನೊಬ್ಬರು ಹೇಳಲಾರರು. 1525ರ ಜನವರಿಯಲ್ಲಿ ಜ್ಯೂರಿಕ್‌ನ ಒಂದು ಮನೆಯಲ್ಲಿ ಕಾನ್ರಾಡ್ ಗ್ರೆಬೆಲ್ ಎಂಬ ವಿಶ್ವಾಸಿ, ಹಸುಗೂಸಾಗಿದ್ದಾಗಲೇ ನೀರು ಬಿದ್ದಿದ್ದ ತನ್ನ ಗೆಳೆಯ ಜಾರ್ಜ್ ಬ್ಲೌರಾಕ್‌ಗೆ ದೀಕ್ಷಾಸ್ನಾನ ಕೊಟ್ಟದ್ದು ಇದೇ ನಿಲುವಿನಿಂದ. ಎರಡು ವರ್ಷ ತುಂಬುವುದರೊಳಗೆ ಅವರ ಜೊತೆಗಾರ ಫೆಲಿಕ್ಸ್ ಮಾಂಟ್ಸ್‌ನನ್ನು ಈ ನಿಲುವಿಗಾಗಿಯೇ ಅದೇ ಊರಿನ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು.

ಇನ್ನು ಯೋಗ್ಯತೆಯ ಮಾತು. ಅದೇ ಪುಸ್ತಕದಲ್ಲಿ ಬರುವ ಐಥಿಯೋಪ್ಯದ ಕಂಚುಕಿ, ಅಂದರೆ ರಾಣಿಯ ಆಸ್ಥಾನದ ಅಧಿಕಾರಿ, ದಾರಿಯಲ್ಲಿ ನೀರು ಕಂಡೊಡನೆ, ದೀಕ್ಷಾಸ್ನಾನಕ್ಕೆ ತನಗೆ ಅಡ್ಡಿಯೇನು ಎಂದು, ಆಗಷ್ಟೇ ಯೇಸುವಿನ ವಿಷಯ ತಿಳಿಸಿದ ಫಿಲಿಪ್ಪನನ್ನು ಕೇಳಿ ರಥ ನಿಲ್ಲಿಸಿದ. ಅವನ ನಂಬಿಕೆಗೆ ಅಂದಿಗೆ ಒಂದು ದಿನದ ವಯಸ್ಸೂ ಆಗಿರಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ಪೌಲನು ಈ ಸ್ನಾನವನ್ನು ಕ್ರಿಸ್ತನೊಂದಿಗೆ ಹೂಣಲ್ಪಡುವುದು ಎಂದೇ ಕರೆಯುತ್ತಾನೆ. ಹೂಣಿಸಿಕೊಳ್ಳುವವನ ಯೋಗ್ಯತೆಯನ್ನು ಯಾರು ವಿಚಾರಿಸುತ್ತಾರೆ, ಹೇಳು? ನೀರು ಪಾಪವನ್ನು ತೊಳೆಯುತ್ತದೆ ಎಂದು ನಾನು ನಂಬುವುದಿಲ್ಲ. ಒಳಗೆ ಆಗಿಹೋದದ್ದಕ್ಕೆ ಸಭೆಯ ಮುಂದೆ ದೇಹವೇ ಕೊಡುವ ಸಾಕ್ಷಿ ಅದು.

ನನ್ನ ದಿನ ನೆನಪಿದೆ. ಸೊಂಟದವರೆಗಿನ ನೀರಿನಲ್ಲಿ ನಿಂತು ಎದೆಯ ಮೇಲೆ ಕೈ ಕಟ್ಟಿಕೊಂಡಿದ್ದೆ. ಯೇಸುವನ್ನು ಕರ್ತನೆಂದು ನಂಬುತ್ತೀಯಾ ಎಂಬ ಪ್ರಶ್ನೆಗೆ ದನಿ ನಡುಗದೆ ಉತ್ತರಿಸಿದವನು, ಪಾಸ್ಟರು ಬೆನ್ನಿಗೆ ಕೈ ಕೊಟ್ಟು ಹಿಂದಕ್ಕೆ ಬಾಗಿಸುವಾಗ ಮರದ ಕೊರಡಿನಂತೆ ಸೆಟೆದುಕೊಂಡೆ. ಒಂದು ಕಾಲು ನೆಲ ಬಿಟ್ಟು ಮೇಲೆದ್ದಿತು. ಮೊಣಕಾಲು ಮಡಿಸು ಎಂದು ಅವರು ಕಿವಿಯಲ್ಲಿ ಪಿಸುಗುಟ್ಟಿದ ಮೇಲೆಯೇ ನಾನು ಪೂರ್ತಿ ಮುಳುಗಿದ್ದು. ಬಾಯಿಗಿಂತ ದೇಹ ನಿಧಾನವಾಗಿ ಒಪ್ಪುತ್ತದೆಂದು ಆಗ ತಿಳಿಯಿತು.

ದಿನ ಗೊತ್ತಾದರೆ ತಿಳಿಸು, ಬರುತ್ತೇನೆ. ಒದ್ದೆಯಾದರೆ ಮೈಗಂಟದ ದಪ್ಪ ಬಟ್ಟೆ ಹಾಕಿಕೋ. ಒಣಗಿದ ಟವೆಲು ಹಿಡಿದು ಮೆಟ್ಟಿಲ ಬಳಿ ನಾನು ನಿಂತಿರುತ್ತೇನೆ.

ನಿನ್ನ ಗೆಳೆಯ