ಅಳೆಯದೆ ಬಿತ್ತಿ ಬೀಜವನ್ನು ಬೈಯುವುದೇಕೆ?

ಮಾನ್ಯ ಸಂಪಾದಕರೇ,

ಟ್ರ್ಯಾಕ್ಟರ್ ಕೂರಿಗೆಯಲ್ಲಿ ಬಿತ್ತಿದ ಹೊಲ ಸರಿಯಾಗಿ ಹುಟ್ಟದಿದ್ದರೆ ಮೊದಲ ಬೈಗುಳ ಬೀಜಕ್ಕೆ. ಬೀಜವೇ ಕೆಟ್ಟದ್ದಾಗಿದ್ದರೆ ಪೈರು ಹೊಲದ ತುಂಬ ತೆಳ್ಳಗಾಗುತ್ತದೆ. ಅಕ್ಕಪಕ್ಕದ ಸಾಲು ದಟ್ಟವಾಗಿದ್ದು ನಡುವಿನದೊಂದು ಮಾತ್ರ ಉದ್ದಕ್ಕೂ ಬೋಳಾಗಿದ್ದರೆ ತಪ್ಪು ಯಂತ್ರದ್ದು, ಇಲ್ಲವೇ ಅದನ್ನು ನಡೆಸಿದವರದ್ದು.

ಸಾಲುಬಿತ್ತನೆ ಟ್ರ್ಯಾಕ್ಟರಿನ ಜೊತೆ ಬಂದದ್ದೇನೂ ಅಲ್ಲ. ಎತ್ತಿನ ಕೂರಿಗೆಯೂ ಇದೇ ಕೆಲಸ ಮಾಡುತ್ತದೆ: ತಾಳು ಮಣ್ಣು ಸೀಳುತ್ತದೆ, ಬಟ್ಟಲಿಗೆ ಬಿಟ್ಟ ಕಾಳು ಬಿದಿರಿನ ಕೊಳವೆಯಲ್ಲಿ ಇಳಿದು ಹಸಿ ಮಣ್ಣು ಸೇರುತ್ತದೆ. ಆದರೆ ಅಲ್ಲಿ ಅಳತೆ ಇರುವುದು ಬಿತ್ತುವವರ ಮುಷ್ಟಿಯಲ್ಲಿ. ತಾಳಿನ ತುದಿಗೆ ಮಣ್ಣು ಮೆತ್ತಿಕೊಂಡರೆ ಬಟ್ಟಲಲ್ಲಿ ಕಾಳು ನಿಂತುಬಿಡುತ್ತದೆ. ನಾಲ್ಕು ಹೆಜ್ಜೆಯೊಳಗೆ ತಿಳಿಯುತ್ತದೆ. ಟ್ರ್ಯಾಕ್ಟರಿನಲ್ಲಿ ಕೂತವರಿಗೆ ಇದು ತಿಳಿಯುವುದು ಪೈರು ಹುಟ್ಟುವ ಹೊತ್ತಿಗೇ.

ಹಾಗೆಂದು ಎತ್ತಿನ ಕೂರಿಗೆಗೇ ಮರಳಬೇಕೆಂದಲ್ಲ. 20 ಸೆಂ.ಮೀ. ಅಂತರದ ಒಂಬತ್ತು ತಾಳಿನ ಯಂತ್ರ ಗಂಟೆಗೆ ನಾಲ್ಕು ಕಿ.ಮೀ. ವೇಗದಲ್ಲಿ ಸಾಗಿದರೆ, ತಿರುವು, ಬೀಜ ತುಂಬುವ ಹೊತ್ತು ಕಳೆದೂ ಗಂಟೆಗೆ ಒಂದೂಕಾಲು ಎಕರೆ ಮುಗಿಸುತ್ತದೆ. ಹದ ಆರುವ ಮುಂಚೆ ಬಿತ್ತನೆ ಮುಗಿಯುವುದೇ ದೊಡ್ಡ ಲಾಭ. ಆದರೆ ಮುಷ್ಟಿಯ ಅಳತೆಯನ್ನು ಯಂತ್ರಕ್ಕೆ ಕಲಿಸಿಯೇ ಹೊಲಕ್ಕಿಳಿಸಬೇಕು. ಪೆಟ್ಟಿಗೆಯ ಪಕ್ಕದಲ್ಲಿ ಅಚ್ಚು ಹಾಕಿದ ಅಂಕಿಯನ್ನು ನಂಬಿ ಬೀಜದ ಪ್ರಮಾಣ ಹೊಂದಿಸುವ ಸನ್ನೆ ಸರಿಸುವುದು ಅಳತೆಯಲ್ಲ. ಕಾಳಿನ ಗಾತ್ರ ತಳಿಯಿಂದ ತಳಿಗೆ ಬೇರೆ.

ಅಳೆಯುವುದು ಕಷ್ಟವಿಲ್ಲ. ಪೆಟ್ಟಿಗೆಯ ಕಾಳನ್ನು ಅಳೆದು ಕೊಳವೆಗೆ ಬಿಡುವ ಉರುಳೆಗಳನ್ನು ತಿರುಗಿಸುವ ನೆಲಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ, ತಾಳುಗಳನ್ನು ಮಣ್ಣಿಗಿಳಿಸಿ ಹೊಲದಲ್ಲೇ ಹತ್ತು ಸುತ್ತು ಓಡಿಸಿ ದೂರ ಅಳೆಯಿರಿ. ಅಂಗಳದಲ್ಲಿ ಅಳೆದರೆ ಚಕ್ರ ಜಾರುವ ಲೆಕ್ಕ ತಪ್ಪುತ್ತದೆ. ಹತ್ತು ಸುತ್ತಿಗೆ 12.5 ಮೀಟರ್ ಬಂತೆನ್ನಿ. ಒಂಬತ್ತು ಸಾಲಿನ ಅಗಲ 1.8 ಮೀಟರ್, ಅಂದರೆ ನೂರು ಸುತ್ತಿಗೆ 225 ಚದರ ಮೀಟರ್. ಎಕರೆಗೆ 40 ಕಿಲೊ ಗೋಧಿ ಬೀಳಬೇಕಾದರೆ ನೂರು ಸುತ್ತಿಗೆ ಸುಮಾರು 2.22 ಕಿಲೊ ಬೀಳಬೇಕು, ಕೊಳವೆಯೊಂದಕ್ಕೆ 247 ಗ್ರಾಂ. ಯಂತ್ರವನ್ನು ಎತ್ತಿ ನಿಲ್ಲಿಸಿ, ಪ್ರತಿ ಕೊಳವೆಗೂ ಚೀಲ ಕಟ್ಟಿ, ಚಕ್ರವನ್ನು ಕೈಯಲ್ಲಿ ನೂರು ಸುತ್ತು ತಿರುಗಿಸಿ, ಚೀಲಗಳನ್ನು ಬೇರೆ ಬೇರೆಯಾಗಿ ತೂಗಿ. ಒಟ್ಟು ತೂಕ ಸರಿಯಿದ್ದು ಒಂದು ಚೀಲ ಮಾತ್ರ ಹಗುರವಾಗಿದ್ದರೆ ಆ ಉರುಳೆ ಸವೆದಿದೆ ಅಥವಾ ಅದನ್ನು ಪೋಣಿಸಿದ ಅಚ್ಚಿನ ಮೇಲೆ ಪಕ್ಕಕ್ಕೆ ಸರಿದಿದೆ. ಬೋಳು ಸಾಲು ಅಲ್ಲೇ ಸಿಕ್ಕಿತು.

ಬೀಜೋಪಚಾರ ಮಾಡಿದ, ಅಂದರೆ ಔಷಧಿ ಲೇಪಿಸಿದ ಕಾಳಿನಲ್ಲೇ ಅಳೆಯಬೇಕು, ಅದನ್ನು ನೆರಳಲ್ಲಿ ಪೂರ್ತಿ ಆರಿಸಿರಬೇಕು. ಅಂಟು ಉಳಿದ ಕಾಳು ಪೆಟ್ಟಿಗೆಯೊಳಗೆ ಕಮಾನು ಕಟ್ಟಿ ನಿಲ್ಲುತ್ತದೆ. ಶೇಂಗಾವನ್ನು ಇಂಥ ಹಲ್ಲುರುಳೆಯ (ಹಲ್ಲುಹಲ್ಲಾದ ಉರುಳೆಯ) ಯಂತ್ರದಲ್ಲಿ ಬಿತ್ತಲೇಬಾರದು; ಸಿಪ್ಪೆ ಸುಲಿದು ಬೇಳೆ ಒಡೆಯುತ್ತದೆ, ಒಡೆದದ್ದು ಹುಟ್ಟುವುದಿಲ್ಲ. ಅದಕ್ಕೆ ಓರೆಯಾಗಿ ತಿರುಗುವ ತಟ್ಟೆಯ ಗುಳಿಗಳಲ್ಲಿ ಕಾಳನ್ನು ಎತ್ತಿ ಬಿಡುವ ಯಂತ್ರವೇ ಬೇಕು, ತಟ್ಟೆಯ ಗುಳಿ ದೊಡ್ಡ ಕಾಳಿಗಿಂತ ತುಸು ದೊಡ್ಡದಿರಬೇಕು. ಎಳ್ಳಿನಂಥ ಸಣ್ಣ ಕಾಳಿಗೆ ಮರಳು ಬೆರೆಸುವುದು ಕೈಬಿತ್ತನೆಗೆ ಸರಿ. ಯಂತ್ರದ ಅಲುಗಾಟಕ್ಕೆ ಮರಳೂ ಕಾಳೂ ಬೇರೆಯಾಗುತ್ತವೆ, ಉರುಳೆಯೂ ಸವೆಯುತ್ತದೆ.

ಆಳದ ವಿಷಯಕ್ಕೆ ಬಂದರೆ, ಗೋಧಿ, ಶೇಂಗಾಕ್ಕೆ ಐದು ಸೆಂ.ಮೀ. ಸಾಕು, ಎಳ್ಳು, ರಾಗಿಗೆ ಒಂದರಿಂದ ಎರಡು. ಯಂತ್ರವನ್ನು ಟ್ರ್ಯಾಕ್ಟರಿಗೆ ಜೋಡಿಸುವ ಮೇಲಿನ ಕೊಂಡಿ ಗಿಡ್ಡವಾದರೆ ಯಂತ್ರ ಮುಂದಕ್ಕೆ ಬಾಗುತ್ತದೆ. ಮುಂದಿನ ಸಾಲಿನ ತಾಳು ಆಳಕ್ಕೆ, ಹಿಂದಿನದು ಮೇಲುಮೇಲಕ್ಕೆ. ಗಾಲಿ ತುಳಿದ ಗಟ್ಟಿ ನೆಲದಲ್ಲಿ ಸಾಗುವ ತಾಳು ಮೇಲೆದ್ದೇ ಓಡುತ್ತದೆ, ಅದನ್ನು ಸ್ವಲ್ಪ ಇಳಿಸಿ ಕಟ್ಟಬೇಕು. ಮಣ್ಣು ತುಂಬಿ ಕೊಳವೆ ಕಟ್ಟಿಕೊಳ್ಳಲು ಹೆಚ್ಚಿನ ಸಲ ಕಾರಣ ಒಂದೇ: ನಿಂತಲ್ಲೇ ಯಂತ್ರ ಇಳಿಸುವುದು, ಅಥವಾ ಇಳಿಸಿಕೊಂಡೇ ಹಿಂದಕ್ಕೆ ಸರಿಯುವುದು. ಟ್ರ್ಯಾಕ್ಟರ್ ಮುಂದಕ್ಕೆ ಚಲಿಸುತ್ತಿರುವಾಗಲೇ ಇಳಿಸಬೇಕು. ಒಬ್ಬರು ಹಿಂದೆ ನಡೆಯುತ್ತ ಕೊಳವೆ ನೋಡುತ್ತಿರಬೇಕು. ಆ ಒಬ್ಬರ ಕೂಲಿ ಉಳಿಸಲು ಹೋಗಿಯೇ ಹೊಲ ಹಾಳಾಗುವುದು.

ಯಂತ್ರ ಬಾಡಿಗೆಗೆ ಕೊಡುವವರು ಬೆಳೆವಾರು ತೂಗಿ ನೋಡಿದ ಪಟ್ಟಿಯನ್ನು ಪೆಟ್ಟಿಗೆಗೆ ಅಂಟಿಸಿ ಕೊಡಲಿ, ಪಡೆಯುವವರು ಕೇಳಿ ಪಡೆಯಲಿ. ಎಡೆ ಹೊಡೆಯುವ, ಅಂದರೆ ಸಾಲುಗಳ ನಡುವಿನ ಕಳೆ ತೆಗೆಯುವ ಸಲಕರಣೆಯನ್ನೂ ಬಿತ್ತುವ ಮೊದಲೇ ನೋಡಿಕೊಳ್ಳಬೇಕು. ಯಂತ್ರ ಹೋಗಿ ಮರಳಿ ಬಂದಾಗ ಹೋಗುವಾಗಿನ ಕೊನೆಯ ಸಾಲಿಗೂ ಬರುವಾಗಿನ ಮೊದಲ ಸಾಲಿಗೂ ನಡುವಿನ ಅಂತರ ಎಂಥ ನುರಿತ ಚಾಲಕನಿಗೂ ಒಂದೇ ಸಮ ಬರುವುದಿಲ್ಲ. ಆರು ಸಾಲಿನ ಯಂತ್ರದಲ್ಲಿ ಬಿತ್ತಿದ ಹೊಲಕ್ಕೆ ಆರು ಅಥವಾ ಮೂರು ಸಾಲಿನ ಎಡೆಕುಂಟೆ ಹೊಂದುತ್ತದೆ. ನಾಲ್ಕು ಸಾಲಿನದು ಎರಡನೇ ಸಲಕ್ಕೇ ಆ ಅಂತರವನ್ನು ದಾಟಿ, ಕಳೆಯ ಬದಲು ಪೈರನ್ನೇ ಕಡಿಯುತ್ತದೆ.

ಇಂತಿ,
ಒಬ್ಬ ಓದುಗ